ಮೂಕ ಡಬ್ಬ

ಆ ಬೀದಿಯಲ್ಲಿ ಪಿಸುಮಾತು ಆಡುವವರೇ ಇರಲಿಲ್ಲ. ಆಡಿದರೂ ಪ್ರಯೋಜನವಿರಲಿಲ್ಲ. ಬೀದಿಯ ನಡುಮಧ್ಯದಲ್ಲಿ ತಗಡಿನ ಕೆಲಸದವನ ಅಂಗಡಿ. ಬೆಳಗಾದರೆ ಸಾಕು, ಸುತ್ತಿಗೆ ಶುರು. ಬಕೆಟ್ಟು, ಕೊಳವೆ, ಹಾಲಿನ ಕ್ಯಾನು, ಒಲೆಯ ಚಿಮಣಿ, ಏನಿದ್ದರೂ ಬಡಿದೇ ಆಗಬೇಕು. ಪಕ್ಕದ ಬ್ರೆಡ್ಡಿನ ಅಂಗಡಿಯವನು ಗಿರಾಕಿಗೆ ಎರಡು ಬೆರಳು ತೋರಿಸಿ "ಎರಡಾ?" ಎಂದು ಕಿರುಚುತ್ತಿದ್ದ. ಎದುರುಮನೆಯ ದರ್ಜಿ ಹೆಂಗಸು ಬಾಯಿಮಾತಿನ ಗೊಡವೆಯನ್ನೇ ಬಿಟ್ಟು, ಅಳತೆಯನ್ನು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆದು ತೋರಿಸುತ್ತಿದ್ದಳು. ಹೊಸದಾಗಿ ಬಾಡಿಗೆಗೆ ಬಂದವರು ಒಂದಷ್ಟು ದಿನ ತಲೆ ಹಿಡಿದುಕೊಂಡು ಕೂರುತ್ತಿದ್ದರು. ಆಮೇಲೆ ಅವರೂ ಕಿರುಚಲು ಕಲಿಯುತ್ತಿದ್ದರು.

ತಗಡಿನವನಿಗೆ ಒಬ್ಬನೇ ಮಗ. ತೊಟ್ಟಿಲಲ್ಲಿದ್ದಾಗಲೇ ಸುತ್ತಿಗೆಯ ಸದ್ದನ್ನು ಮೀರಿಸಿ ಅತ್ತು ಹಾಲು ಗಿಟ್ಟಿಸಿಕೊಂಡ ಗಟ್ಟಿಗ. ಮನೆಯವರು ಅವನಿಗೆ ಡಂಗುರ ಎಂದು ಅಡ್ಡಹೆಸರಿಟ್ಟರು, ಅವನು ಹೆಸರಿಗೆ ಮೋಸ ಮಾಡಲಿಲ್ಲ. ಅವನು ಬಾಗಿಲು ಹಾಕಿದರೆ ಗೋಡೆಯ ಗಡಿಯಾರ ನಿಂತುಹೋಗುತ್ತಿತ್ತು. ಅವನ ಕಿವಿಗೆ ಗುಟ್ಟು ಹೇಳಿದರೆ ಮಾರನೆಯ ದಿನದವರೆಗೂ ಕಾಯಬೇಕಿರಲಿಲ್ಲ, "ಏನು, ಯಾರಿಗೂ ಹೇಳಬಾರದಾ?" ಎಂದು ಅವನು ಕೇಳುವ ಹೊತ್ತಿಗೇ ಬೀದಿಗೆಲ್ಲ ತಿಳಿದಿರುತ್ತಿತ್ತು. ತಪ್ಪು ಅವನೊಬ್ಬನದೇ ಎನ್ನುವಂತಿಲ್ಲ. ಸುತ್ತಿಗೆ ಹಿಡಿದವರ ಕಿವಿ ಬೇಗ ಹೋಗುತ್ತದೆ; ಅಪ್ಪನಿಗೆ ಆಗಲೇ ಕಿವಿ ಮಂದವಾಗುತ್ತಿತ್ತು. ಆ ಮನೆಯಲ್ಲಿ ಉಪ್ಪು ಕೇಳುವುದೂ ಹೊರಗಿನವರಿಗೆ ಜಗಳದ ಹಾಗೆ ಕೇಳಿಸುತ್ತಿತ್ತು. ನಿಜವಾದ ಜಗಳ ಮಾತ್ರ ಕಡಿಮೆ. ಅಷ್ಟು ಗಂಟಲು ನೋಯಿಸಿಕೊಂಡು ಜಗಳವಾಡುವ ಆಸೆ ಯಾರಿಗಿರುತ್ತದೆ?

ಅಪ್ಪನಿಗೆ ಸದ್ದು ಎಂದರೆ ಬರೀ ಸದ್ದಲ್ಲ, ಅದೇ ಅವನ ತಕ್ಕಡಿ. ಮುಗಿದ ಪಾತ್ರೆಯನ್ನು ಎಡಗೈಯಲ್ಲಿ ತೂಗುಬಿಟ್ಟು, ಬಲಗೈ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟುತ್ತಿದ್ದ. ಠಣ್ ಎಂದು ಉದ್ದಕ್ಕೆ ಹಾಡಿದರೆ ಬೆಸುಗೆ ಗಟ್ಟಿ, ಠಪ್ ಎಂದು ಸತ್ತರೆ ಬಿಚ್ಚಿ ಮತ್ತೆ ಬಡಿಯಬೇಕು. ಹಾಡಿದ ಪಾತ್ರೆಗೆ ಮಾತ್ರ ತಳದಲ್ಲಿ ಮನೆತನದ ಗುರುತು. ತಾತನ ಕಾಲದ ಪಾತ್ರೆಗೆ ಒಂದು ಚುಕ್ಕೆ, ಅಪ್ಪನ ಪಾತ್ರೆಗೆ ಎರಡು. ಮಗ ಕಸುಬಿಗೆ ಕೂತ ದಿನ ಮೂರನೆಯದು ಬೀಳಬೇಕು ಎನ್ನುವುದು ಮನೆಯ ಲೆಕ್ಕ.

ಮೂರನೆಯದು ಬೀಳುವ ಮೊದಲು ಯುದ್ಧ ಬಂತು. ನೌಕಾಪಡೆಯ ಗುಮಾಸ್ತ ಡಂಗುರನನ್ನು "ಅಪ್ಪನ ಕಸುಬೇನು?" ಎಂದು ಕೇಳಿದ. "ಪಾತ್ರೆ!" ಎಂದ ಡಂಗುರ. ಗುಮಾಸ್ತ ಕಿವಿ ಉಜ್ಜಿಕೊಂಡು ಅವನನ್ನು ಅಡುಗೆಮನೆಗೆ ಹಾಕಿದ. ಚಪ್ಪಲಿ ಹೊಲಿಯುವವನಿಗೆ ನಡಿಗೆಯಲ್ಲಿ ಬಹುಮಾನ ಕೊಟ್ಟ ಹಾಗಾಯಿತು. ಹೋಗಲಿ ಎಂದರೆ, ಆ ಅಡುಗೆಮನೆ ಇದ್ದದ್ದು ಸಬ್‌ಮರೀನಿನಲ್ಲಿ.

"ನೀರೊಳಗೆ ಹೋಗೋ ಡಬ್ಬನಾ?" ಎಂದು ಅಪ್ಪ ಕೂಗಿದ. "ಅದಕ್ಕೆ ಬೆಸುಗೆ ಹಾಕಿದೋರು ಯಾರು ಅಂತ ಕೇಳಿದ್ಯಾ?"

"ಇಲ್ಲಪ್ಪಾ!"

"ಮೊದ್ಲು ಅದನ್ನ ಕೇಳು! ಆಮೇಲೆ ಒಳಗೆ ಕಾಲಿಡು!"

ಸಬ್‌ಮರೀನಿನ ಅಡುಗೆಮನೆ ಒಂದು ಬಟ್ಟೆ ಬೀರುವಿನಷ್ಟಿತ್ತು. ಅಲ್ಲಿ ಡಂಗುರ ಬ್ರೆಡ್ ಸುಡಲು ಕಲಿತ, ಒಂದೇ ಕೈಯಲ್ಲಿ ಮೊಟ್ಟೆ ಒಡೆಯಲು ಕಲಿತ, ಯಂತ್ರದ ಎಣ್ಣೆಯ ವಾಸನೆಯಲ್ಲೇ ಹಸಿಯಲು ಕಲಿತ. ಕಲಿಯಲಾಗದೆ ಉಳಿದದ್ದು ಒಂದೇ. ಶತ್ರುವಿನ ಹಡಗು ಹತ್ತಿರವಿದ್ದಾಗ ಸಬ್‌ಮರೀನಿನಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಮೇಲಿನ ಹಡಗಿನವರು ನೀರಿಗೆ ಕಿವಿಯಿಟ್ಟು ಕೇಳುವ ಯಂತ್ರ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಎಲ್ಲರೂ ಬೂಟು ಬಿಚ್ಚಿ ಕಾಲುಚೀಲದಲ್ಲಿ ನಡೆಯಬೇಕು, ಫ್ಯಾನು ನಿಲ್ಲಿಸಿ ಬೆವರಬೇಕು, ಕೆಮ್ಮು ಬಂದರೆ ದಿಂಬಿಗೆ ಕೆಮ್ಮಬೇಕು. ಈ ವ್ರತಕ್ಕೆ ದೇವರು ಡಂಗುರನನ್ನು ಆರಿಸಿ ಕಳಿಸಿದ್ದ.

ಒಂದು ಮಧ್ಯಾಹ್ನ ಮೂರು ಚಿಮಣಿಯ ದೊಡ್ಡ ಯುದ್ಧನೌಕೆಯೊಂದು ಕಣ್ಣಿಗೆ ಬಿತ್ತು, ಜೊತೆಗೆ ಎರಡು ಕಾವಲು ಹಡಗು. ಅವುಗಳ ಹೊಟ್ಟೆಯಡಿ ನುಸುಳಲು ಸಬ್‌ಮರೀನು ಮೂತಿ ತಗ್ಗಿಸಿದಾಗ ಅಡುಗೆಮನೆಯ ಕೊಕ್ಕೆಯಿಂದ ಒಂದು ಸೌಟು ಜಾರಿತು. ಸುಮ್ಮನೆ ನೆಲಕ್ಕೆ ಬಿದ್ದಿದ್ದರೂ ಆಗುತ್ತಿತ್ತು. ಅದು ತಟ್ಟೆಗಳ ರಾಶಿಯನ್ನು ಆರಿಸಿಕೊಂಡಿತು, ತಟ್ಟೆಗಳು ಚಮಚದ ಪೆಟ್ಟಿಗೆಯನ್ನು ಆರಿಸಿಕೊಂಡವು. ಎಲ್ಲ ನಿಂತ ಮೇಲೆ ಒಂದು ಚಮಚ ಮಾತ್ರ ಗಿರಗಿರನೆ ಸುತ್ತುತ್ತಲೇ ಇತ್ತು. ಕಾವಲು ಹಡಗುಗಳು ತಿರುಗಿ ಬಂದು ಸಂಜೆಯವರೆಗೂ ನೀರೊಳಗೆ ಸಿಡಿಯುವ ಬಾಂಬು ಸುರಿದವು. ದೀಪಗಳು ಒಡೆದವು, ಎಲ್ಲರ ಜೀವ ಬಾಯಿಗೆ ಬಂತು, ದೊಡ್ಡ ಹಡಗು ಆರಾಮವಾಗಿ ತಪ್ಪಿಸಿಕೊಂಡು ಹೋಯಿತು.

ಯಾರೂ ಬೈಯಲಿಲ್ಲ, ಅದೇ ಡಂಗುರನಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು. ಕ್ಯಾಪ್ಟನ್ ಕಾಲುಚೀಲದಲ್ಲೇ ನಡೆದು ಬಂದು, "ನಿನ್ನ ಬ್ರೆಡ್ ಚೆನ್ನಾಗಿರತ್ತೆ ಕಣಯ್ಯಾ. ಆದ್ರೆ ಇನ್ನೊಂದು ಸೌಟು ಬಿದ್ರೆ ನಿನ್ನನ್ನ ದಡದಲ್ಲಿ ಬಿಟ್ಟು ಬರ್ತೀನಿ," ಎಂದ.

ಸಬ್‌ಮರೀನು ರಿಪೇರಿಗೆ ಬಂದರು ಸೇರಿದಾಗ ಡಂಗುರ ರಜೆ ಪಡೆದು ನೆಟ್ಟಗೆ ಮನೆಗೆ ಬಂದ. ಅಪ್ಪನ ಕಿವಿ ಇನ್ನೂ ಹದಗೆಟ್ಟಿತ್ತು.

"ಅಪ್ಪಾ! ಚಮಚ, ಸೌಟು ಇಡೋಕೆ ಒಂದು ಡಬ್ಬ ಮಾಡ್ಕೊಡು! ಸದ್ದು ಮಾಡ್ಬಾರದು!"

"ಏನಂದೆ?"

"ಸದ್ದು ಮಾಡದ ಡಬ್ಬ!"

"ಮೊದಲ್ನೇ ಸಲವೇ ಕೇಳಿಸ್ತು ಕಣೋ. ನಂಬೋಕಾಗ್ಲಿಲ್ಲ."

ಅಪ್ಪನಿಗೆ ಅದು ಅವಮಾನ. ಜೀವಮಾನವಿಡೀ ಹಾಡುವ ಪಾತ್ರೆ ಮಾಡಿದವನ ಹತ್ತಿರ ಮೂಕ ಪಾತ್ರೆ ಕೇಳುವುದೆಂದರೆ! ಅವನು ಒಂದು ದಿನವೆಲ್ಲ ಗೊಣಗಿದ. ಅವನು ಗೊಣಗುವುದು ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಮಾರನೆಯ ದಿನ ಬಾಗಿಲು ಹಾಕಿಕೊಂಡು ಕೂತ. ಎರಡು ಪದರದ ತಗಡು, ನಡುವೆ ಮರದ ಹೊಟ್ಟು ಗಿಡಿದು ತುಂಬಿದ್ದು. ಒಳಮೈಗೆಲ್ಲ ದಪ್ಪ ಬೂದು ಉಣ್ಣೆಯ ಬಟ್ಟೆ. ಮುಚ್ಚಳದ ಒಳಗೆ ಅದೇ ಉಣ್ಣೆಯ ಒಂದು ದಿಂಬು. ಮುಚ್ಚಳ ಒತ್ತಿ ತಿರುಗಿಸಿದರೆ ದಿಂಬು ಕೆಳಗಿಳಿದು, ನಿದ್ದೆ ಬಾರದ ಮಗುವಿನ ಬೆನ್ನ ಮೇಲೆ ಅಮ್ಮ ಕೈಯಿಟ್ಟ ಹಾಗೆ ಚಮಚಗಳನ್ನೆಲ್ಲ ಅದುಮಿ ಹಿಡಿಯುತ್ತಿತ್ತು. ಮುಗಿದ ಮೇಲೆ ಅಪ್ಪ ಅಭ್ಯಾಸಬಲದಿಂದ ಅದನ್ನು ತೂಗುಬಿಟ್ಟು ಕುಟ್ಟಿದ. ಠಪ್. ಅವನ ಮುಖ ಹುಳ್ಳಗಾಯಿತು.

"ಚುಕ್ಕೆ ಹಾಕಲ್ವೇನಪ್ಪಾ?"

"ಇದಕ್ಕಾ? ಇದು ನಾನು ಮಾಡಿದ್ದು ಅಂತ ಎಲ್ಲೂ ಬಾಯಿ ಬಿಡ್ಬೇಡ. ತಗೊಂಡು ಹೋಗು."

ಸಬ್‌ಮರೀನಿಗೆ ಮರಳಿ, ಚಮಚಗಳನ್ನು ಜೋಡಿಸುವಾಗ ಡಂಗುರನ ಬೆರಳಿಗೆ ಉಣ್ಣೆಯಲ್ಲಿ ಒಂದು ಸೀಳು ಸಿಕ್ಕಿತು. ಸುತ್ತಲೂ ನೀಟಾಗಿ ದಾರ ಸುತ್ತಿದ್ದ ಸೀಳು, ಗುಂಡಿ ಹಾಕುವ ಕಾಜ. ಅಪ್ಪನಿಗೆ ಇದ್ದ ಒಂದೇ ಒಂದು ಒಳ್ಳೆಯ ಕೋಟು ಬೂದು ಬಣ್ಣದ್ದು. ಡಂಗುರ ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ಆಚೆ ಮುಖ ಮಾಡಿ ನಿಂತಿದ್ದ.

ಮೂರು ಚಿಮಣಿಯ ಆ ಹಡಗು ಮತ್ತೆ ಸಿಕ್ಕಿತು. ಬೆಳಗಿನ ಬ್ರೆಡ್ ಆಗಷ್ಟೇ ಒಲೆಯಿಂದ ಹೊರಬಂದಿತ್ತು. ಮೌನದ ಅಪ್ಪಣೆ ಭುಜದಿಂದ ಭುಜಕ್ಕೆ ತಟ್ಟಿಕೊಂಡು ಅಡುಗೆಮನೆ ತಲುಪಿತು. ಡಂಗುರ ಒಲೆ ಆರಿಸಿದ, ತಟ್ಟೆಗಳನ್ನು ಕಂಬಳಿಯಲ್ಲಿ ಸುತ್ತಿದ, ಸೌಟು, ಚಮಚ, ಚಾಕು, ತುರಿಮಣೆ ಎಲ್ಲವನ್ನೂ ಡಬ್ಬಕ್ಕೆ ತುಂಬಿ ಮುಚ್ಚಳ ಒತ್ತಿ ತಿರುಗಿಸಿದ. ಡಬ್ಬವನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡು ನೆಲದ ಮೇಲೆ ಕೂತ. ಸಬ್‌ಮರೀನು ಮೂತಿ ತಗ್ಗಿಸಿತು. ಅವನು ಕೂತಲ್ಲೇ ಜಾರಿದ. ತಲೆ ಬಡಿಯಬೇಕೋ ಡಬ್ಬ ಬಡಿಯಬೇಕೋ ಎನ್ನುವ ಪ್ರಶ್ನೆ ಬಂದಾಗ ತಲೆಯನ್ನು ಕೊಟ್ಟ. ನೌಕಾಪಡೆಯವರು ಬೋಳಿಸಿದ ತಲೆ ಮೆತ್ತಗೆ ಗೋಡೆಗೆ ತಾಕಿದರೆ ಅಷ್ಟೇನೂ ಸದ್ದಾಗುವುದಿಲ್ಲವೆಂದು ಆಗ ತಿಳಿಯಿತು.

ಕಾವಲು ಹಡಗಿನ ಯಂತ್ರದ ಸದ್ದು ನೆತ್ತಿಯ ಮೇಲೆ ರೈಲಿನ ಹಾಗೆ ಬಂತು. ಬಂದು ಅಲ್ಲೇ ನಿಂತಂತೆ ಅನ್ನಿಸಿತು. ಅಷ್ಟರಲ್ಲಿ ಬ್ರೆಡ್ಡಿನ ಹಿಟ್ಟು ಮೂಗಿಗೆ ಹೋಗಿ ಡಂಗುರನಿಗೆ ಸೀನು. ಅವನ ಮನೆಯಲ್ಲಿ ಸೀನಿದರೆ ಪಾರಿವಾಳ ಹಾರುತ್ತಿದ್ದವು. ಅವನು ತೋಳನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದ. ಸೀನು ಎಲ್ಲಿಂದ ಬಂತೋ ಅಲ್ಲಿಗೇ ಮರಳಿತು. ಡಬ್ಬದೊಳಗೆ ಒಂದು ಚಮಚವೂ ಮಿಸುಕಲಿಲ್ಲ. ಮೇಲಿನ ಯಂತ್ರ ಮುಂದೆ ಸಾಗಿತು.

ಆಮೇಲೆ ಸಬ್‌ಮರೀನು ಮೈ ಕೊಡವಿದ ಹಾಗೆ ಅಲುಗಿತು, ಒಂದರ ಹಿಂದೆ ಒಂದು ಟಾರ್ಪಿಡೊ ಹೊರಟವು. ದೂರದಲ್ಲಿ ಧಡ್ ಎಂದಿತು, ಮತ್ತೊಮ್ಮೆ ಧಡ್. ನೀರ ಮೇಲಿಣುಕುವ ಕೊಳವೆಗೆ ಕಣ್ಣಿಟ್ಟಿದ್ದ ಕ್ಯಾಪ್ಟನ್ ಮೆಲ್ಲಗೆ, "ಮುಳುಗ್ತಿದೆ," ಎಂದ. ಬಾಯಿ ತೆರೆಯುವಂತಿಲ್ಲ, ಹಾಗಾಗಿ ಅವರೆಲ್ಲ ಸದ್ದಿಲ್ಲದೆ ಕುಣಿದರು. ದೊಡ್ಡ ದೊಡ್ಡ ಗಂಡಸರು ಕಾಲುಚೀಲದಲ್ಲಿ ತಬ್ಬಿಕೊಂಡು ಹಾರುವುದನ್ನು ನೋಡಿ ಡಂಗುರ ತೋಳಿಗೆ ಬಾಯೊತ್ತಿಕೊಂಡು ನಕ್ಕ.

ಆಗ ನೀರಿನೊಳಗಿಂದ ಇನ್ನೊಂದು ಸದ್ದು ಬಂತು. ಉದ್ದನೆಯ, ನರಳುವ ಸದ್ದು. ಉಳಿದವರಿಗೆ ಅದು ಗೆದ್ದ ಸದ್ದು. ತಗಡಿನವನ ಮಗನಿಗೆ ಅದರ ಅಕ್ಷರ ಅಕ್ಷರವೂ ಗೊತ್ತಾಯಿತು. ಇದು ತಗಡು ಬಾಗಿದ್ದು, ಇದು ಮೊಳೆ ಹಾರಿದ್ದು, ಇದು ಬೆಸುಗೆ ಬಿಟ್ಟದ್ದು. ನಡುವೆ ಸಣ್ಣಗೆ, ಹರಳು ಚೆಲ್ಲಿದ ಹಾಗೆ ಏನೋ ಉದುರಿತು. ತಟ್ಟೆ, ಸೌಟು, ಚಮಚ ಎಂದು ಅವನಿಗನ್ನಿಸಿತು. ಅಲ್ಲೂ ಆಗ ಬೆಳಗಿನ ಬ್ರೆಡ್ಡಿನ ಹೊತ್ತು. ಅವನ ನಗು ನಿಂತಿತು.

ಯುದ್ಧ ಮುಗಿದು ಮಗ ಮನೆಗೆ ಬಂದದ್ದೇ ಅಮ್ಮನಿಗೆ ಗೊತ್ತಾಗಲಿಲ್ಲ. ಬಾಗಿಲು ತೆರೆದ ಸದ್ದಿಲ್ಲ, ಹಾಕಿದ ಸದ್ದಿಲ್ಲ. ಹಿಂತಿರುಗಿ ನೋಡಿದರೆ ಕುರ್ಚಿಯಲ್ಲಿ ಕೂತು ಅವಳ ಆಲೂಗಡ್ಡೆ ಸುಲಿಯುತ್ತಿದ್ದಾನೆ! ಅವಳು ಹೌಹಾರಿ ಕೈಲಿದ್ದ ಪಾತ್ರೆ ಬಿಟ್ಟಳು, ಅವನು ಅದನ್ನು ಗಾಳಿಯಲ್ಲೇ ಹಿಡಿದ. ಡಂಗುರನ ಗಂಟಲಿನಿಂದ ಈಗ ಪಿಸುಮಾತು ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಅಂಗಡಿಯಲ್ಲಿ ಕೂತರೂ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಅಪ್ಪ ತಗಡು ಕತ್ತರಿಸುವಾಗ ಹಿತ್ತಿಲಿಗೆ ಎದ್ದು ಹೋಗುತ್ತಿದ್ದ. ಇತ್ತ ಅಪ್ಪನ ಕಿವಿ ಪೂರ್ತಿ ಹೋಗುವುದರಲ್ಲಿತ್ತು. ಕಿರುಚಿದವರ ಮಾತು ಮಾತ್ರ, ಅದೂ ಹತ್ತಿರದಿಂದ, ಒಳಗಿಳಿಯುತ್ತಿತ್ತು. ಅಪ್ಪನಿಗೆ ಇದ್ದದ್ದು ಒಂದೇ ಆಸೆ, ಆ ಹಡಗಿನ ಕತೆಯನ್ನು ಮಗನ ಬಾಯಿಂದ ಕೇಳಬೇಕು.

ನಡುವೆ ಅಮ್ಮ ನಿಂತಳು. ಮಗ ಅವಳಿಗೆ ಪಿಸುಗುಟ್ಟಬೇಕು, ಅವಳು ಗಂಡನಿಗೆ ಕೂಗಬೇಕು. ಮೊದಲ ದಿನವೇ ಬ್ರೆಡ್ಡಿನವನೂ ದರ್ಜಿಯೂ ಬಾಗಿಲಲ್ಲಿ ನಿಂತಿದ್ದರು.

"ನಾನೇನೂ ನೋಡ್ಲಿಲ್ಲಮ್ಮಾ," ಎಂದು ಡಂಗುರ ಪಿಸುಗುಟ್ಟಿದ. "ಡಬ್ಬ ತಬ್ಕೊಂಡು ನೆಲದ ಮೇಲೆ ಕೂತಿದ್ದೆ."

"ಏನಂತೆ?" ಎಂದ ಅಪ್ಪ.

ಅಮ್ಮ ಬಾಗಿಲ ಕಡೆಗೊಮ್ಮೆ ನೋಡಿದಳು. "ಕಣ್ಣಾರೆ ನೋಡಿದ್ನಂತೆ!" ಎಂದು ಕೂಗಿದಳು.

"ಅಮ್ಮಾ!"

"ಸುಮ್ನಿರೋ. ದರ್ಜಿ ಕೇಳಿಸ್ಕೊಳ್ತಿದಾಳೆ."

"ಟಾರ್ಪಿಡೊ ಬಿಟ್ಟಿದ್ದು ಯಾರಂತೆ?" ಎಂದ ಅಪ್ಪ.

"ಇವನೇ ಅಂತೆ! ಕ್ಯಾಪ್ಟನ್‌ಗೆ ಕೈ ನಡುಗ್ತಿತ್ತಂತೆ!"

ಹೆತ್ತವರಿಗೆ ಹೆಗ್ಗಣ ಮುದ್ದು. ಇವಳು ಹೆಗ್ಗಣ ಸಾಲದೆಂದು ಆನೆಯನ್ನೇ ಹೆತ್ತಳು. ಸುಳ್ಳಿಗೆ ಕೈಕಾಲು ಮೂಡಿ ಮಾರುಕಟ್ಟೆಯವರೆಗೂ ಓಡಾಡಿತು. ಅಪ್ಪ ಗಿರಾಕಿಗಳನ್ನು ಹಿಡಿದು ನಿಲ್ಲಿಸಿ ಹೇಳಿದ, ಹೇಳುತ್ತ ಹೇಳುತ್ತ ಹಡಗಿನ ಚಿಮಣಿ ಐದಾದವು. ಮಗನಿಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಒಂದು ದಿನ ಸಬ್‌ಮರೀನಿನ ಗೆಳೆಯನೊಬ್ಬ ಆ ದಾರಿಯಲ್ಲಿ ಬಂದ. ಟಾರ್ಪಿಡೊ ವಿಭಾಗದವನು, ದೊಡ್ಡ ಗಂಟಲಿನವನು, ಕೈಯಲ್ಲೊಂದು ಗೋಣಿಚೀಲ. ಅಂಗಡಿ ತುಂಬ ಗಿರಾಕಿ. ಅಪ್ಪ ಸಂಭ್ರಮದಿಂದ, "ನೀವಾದ್ರೂ ಹೇಳಿ, ನನ್ ಮಗ ಹಡಗು ಮುಳುಗಿಸಿದ್ದು ನೋಡಿದ್ರಾ?" ಎಂದು ಕೇಳಿದ.

ಗೆಳೆಯ ಹೊಟ್ಟೆ ಹಿಡಿದು ನಕ್ಕ. "ನೋಡೋದಾ? ನೋಡಿದ್ದು ಕ್ಯಾಪ್ಟನ್ ಒಬ್ರೇ! ನಾವೆಲ್ಲ ಗೋಡೆ ನೋಡ್ಕೊಂಡು ನಿಂತಿದ್ವಿ. ನಿಮ್ ಮಗ ಚಮಚದ ಡಬ್ಬ ತಬ್ಕೊಂಡು ನೆಲದ ಮೇಲೆ ಕೂತಿದ್ದ!"

ಅವನ ಗಂಟಲು ಅಪ್ಪನ ಕಿವಿಗೆ ಚೆನ್ನಾಗಿಯೇ ಇಳಿಯಿತು. ಗಿರಾಕಿಗಳು ಮುಖ ಮುಖ ನೋಡಿಕೊಂಡರು, ಯಾರೋ ಕಿಸಕ್ಕೆಂದರು. ಅಪ್ಪನಿಗೆ ಮೂಗು ಕೊಯ್ದ ಹಾಗಾಯಿತು. ಅವನು ಸುತ್ತಿಗೆ ಕೆಳಗಿಟ್ಟು ಒಳಗೆ ಹೋದ. ಗೆಳೆಯನಿಗೆ ಏನಾಯಿತೆಂದೇ ಅರ್ಥವಾಗಲಿಲ್ಲ. ಗೋಣಿಚೀಲವನ್ನು ಡಂಗುರನ ಕೈಗಿಟ್ಟು, "ನಮ್ ಹಳೇ ಸಬ್‌ಮರೀನನ್ನ ಒಡೆಯೋಕೆ ಹಾಕಿದಾರೆ. ಈ ಡಬ್ಬ ನಿಂದಲ್ವಾ ಅಂತ ತಂದೆ," ಎಂದು ಹೊರಟ.

ಮಾರನೆಯ ದಿನ ಬೀದಿಯಲ್ಲಿ ಸುತ್ತಿಗೆ ಇಲ್ಲ. ಜನ ಗಾಬರಿಯಾದರು. ಬ್ರೆಡ್ಡಿನವನು ತನ್ನ ದನಿಗೆ ತಾನೇ ಬೆಚ್ಚಿದ. ದರ್ಜಿ, ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಲು ಬಂದಳು. ಅಪ್ಪ ಅಂಗಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ.

"ಸುಳ್ಳು ಹೇಳಿದ್ದು ನಾನು ಕಣ್ರೀ! ಅವನಲ್ಲ!" ಎಂದು ಅಮ್ಮ ಕೂಗಿದಳು.

ಅಪ್ಪ ತಿರುಗಲೇ ಇಲ್ಲ. "ನನ್ ಹತ್ರ ಬಾಯಿಬಿಟ್ಟು ಮಾತಾಡೋಕೆ ಅವನಿಗೆ ನಾಚಿಕೆ. ಇನ್ನೊಬ್ಬರ ಬಾಯಲ್ಲಿ ಸುಳ್ಳು ಕಳಿಸ್ತಾನೆ. ಹೋಗು," ಎಂದು ಕಣ್ಣು ಮುಚ್ಚಿಕೊಂಡ. ಕಿವುಡನ ಜೊತೆ ಜಗಳವಾಡುವುದರಲ್ಲಿ ಇದೊಂದು ತೊಂದರೆ, ಅವನು ಕಣ್ಣು ಮುಚ್ಚಿದರೆ ಜಗಳ ಅಲ್ಲಿಗೆ ಮುಗಿಯಿತು.

ಡಂಗುರ ಇದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಇವತ್ತು ಹೇಳದಿದ್ದರೆ ಅಪ್ಪ ಈ ಮಾತನ್ನೇ ನಂಬಿಕೊಂಡು ಉಳಿದುಬಿಡುತ್ತಾನೆ, ನಾಳೆ ಹೇಳಲು ಆ ಕಿವಿಯೂ ಇರುವುದಿಲ್ಲ. ಅವನು ಅಡುಗೆಮನೆಗೆ ಹೋಗಿ ಇದ್ದಬದ್ದ ಚಮಚ, ಸೌಟುಗಳನ್ನೆಲ್ಲ ಮೂಕ ಡಬ್ಬಕ್ಕೆ ತುಂಬಿ, ಮುಚ್ಚಳ ತಿರುಗಿಸಿ, ತಂದು ಅಪ್ಪನ ಮಡಿಲಲ್ಲಿಟ್ಟ.

ಅಪ್ಪನ ಕೈಗೆ ಕಣ್ಣು ಬೇಕಿರಲಿಲ್ಲ. ಬೆರಳು ಅಂಚನ್ನು ಸವರಿತು, ಮುಚ್ಚಳದ ಸುತ್ತು ಹಿಡಿದು ನೋಡಿತು, ತಳಕ್ಕೆ ಹೋಗಿ ಚುಕ್ಕೆ ಇಲ್ಲದ ಜಾಗದಲ್ಲಿ ನಿಂತಿತು. ಡಂಗುರ ಡಬ್ಬವನ್ನು ಜೋರಾಗಿ ಅಲುಗಾಡಿಸಿದ.

"ಸದ್ದಿಲ್ಲ," ಎಂದ ಅಪ್ಪ.

"ನಿಮ್ಗೆ ಯಾವ್ದರ ಸದ್ದು ಕೇಳತ್ತೆ ಹೇಳಿ!" ಎಂದಳು ಅಮ್ಮ.

ಅಪ್ಪ ಅಂಗೈಯನ್ನು ಡಬ್ಬದ ಮೇಲೆ ಅಗಲವಾಗಿ ಊರಿದ. ಮಗ ಮತ್ತೆ ಅಲುಗಾಡಿಸಿದ, ಬಗ್ಗಿಸಿದ, ಬೋರಲು ಹಾಕಿದ. ಅಂಗೈಗೆ ಒಂದು ನಡುಕವೂ ಮುಟ್ಟಲಿಲ್ಲ. ಅಪ್ಪ ಕಣ್ಣು ತೆರೆದ.

"ಇದನ್ನೇನಾ ನೀನು ತಬ್ಕೊಂಡು ಕೂತಿದ್ದು?"

ಡಂಗುರ ಬಾಯಿ ತೆರೆದ. ಮೊದಲು ಗಾಳಿ ಬಂತು, ಆಮೇಲೆ ತುಕ್ಕು ಹಿಡಿದ ಕೀಲಿನಂಥ ಒಂದು ಸದ್ದು, ಆಮೇಲೆ ಹಳೆಯ ದನಿ ಕಟ್ಟೆಯೊಡೆದು ಬಂತು. "ಹೌದಪ್ಪಾ! ಇದನ್ನೇ! ಕಾವಲು ಹಡಗು ತಲೆ ಮೇಲೇ ನಿಂತಿತ್ತು! ಒಂದು ಚಮಚ ಅಲುಗಿದ್ರೂ ನಾವ್ಯಾರೂ ಇರ್ತಿರ್ಲಿಲ್ಲ! ನಾನೇನೂ ನೋಡ್ಲಿಲ್ಲ! ನಾನೇನೂ ಮಾಡ್ಲಿಲ್ಲ! ನಿನ್ನ ಡಬ್ಬ ಹಿಡ್ಕೊಂಡಿದ್ದೆ!"

ಎದುರು ಮನೆಯ ಕಿಟಕಿಗಳು ತೆರೆದವು. ಬ್ರೆಡ್ಡಿನವನು ಹಿಟ್ಟಿನ ಕೈಯಲ್ಲೇ ಓಡಿಬಂದ.

"ಆ ಹಡಗು ಮುಳುಗೋದು ಕೇಳಿಸ್ತಪ್ಪಾ! ಎಲ್ರೂ ಕುಣೀತಿದ್ರು! ನನಗೆ ಬೆಸುಗೆ ಬಿಡೋದು ಕೇಳಿಸ್ತು! ಅಲ್ಲೂ ಅಡುಗೆಮನೆ ಇತ್ತು! ಅವರ ಚಮಚ ಎಲ್ಲ ಉದುರಿದ್ದು ಕೇಳಿಸ್ತು! ಅದಕ್ಕೇ ನನಗೆ ಸುತ್ತಿಗೆ ಮುಟ್ಟೋಕೆ ಆಗ್ತಿಲ್ಲ!"

ಅಪ್ಪ ಮಗನ ಮುಖ ನೋಡಿದ. ಬೆಸುಗೆ ಬಿಡುವುದೆಂದರೇನೆಂದು ಆ ಬೀದಿಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವನು ಮಗನ ಕೆನ್ನೆಯನ್ನು ತನ್ನ ಒರಟು ಅಂಗೈಯಿಂದ ಒಮ್ಮೆ ಒರೆಸಿದ.

ಅಷ್ಟರಲ್ಲಿ ಅಮ್ಮ ಚಮಚ ತೆಗೆಯಲು ಮುಚ್ಚಳ ಬಿಚ್ಚಿ, ಉಣ್ಣೆಯನ್ನು ಎಳೆದು ನೋಡಿ, "ಇದು ಕೋಟು! ನುಸಿ ತಿಂತು ಅಂತ ನೀವು ಹೇಳಿದ್ದ ಕೋಟು!" ಎಂದು ಚೀರಿದಳು. ಅದು ಅಪ್ಪನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಲಿಲ್ಲ ಎಂದು ಅವನು ತೀರ್ಮಾನಿಸಿದ. ಡಬ್ಬವನ್ನು ಖಾಲಿ ಮಾಡಿ ತಗಡು ಬಡಿಯುವ ಅಡಿಗಲ್ಲಿನ ಮೇಲೆ ಬೋರಲಿಟ್ಟ. ಉಳಿ ಇಟ್ಟು ಹೊಡೆದ, ಒಂದು ಚುಕ್ಕೆ. ಮತ್ತೆ ಹೊಡೆದ, ಎರಡು. ಆಮೇಲೆ ಸುತ್ತಿಗೆಯನ್ನು ಮಗನ ಕಡೆ ಚಾಚಿದ.

"ಒಡೆಯೋಕೆ ಅಲ್ಲ ಕಣೋ," ಎಂದ, ಈ ಸಲ ಅವನೇ ಮೆಲ್ಲಗೆ. "ಇದು ಹಿಡಿದು ನಿಲ್ಲಿಸೋಕೆ ಮಾಡಿದ್ದು."

ಡಂಗುರ ಸುತ್ತಿಗೆ ತೆಗೆದುಕೊಂಡ. ಸಬ್‌ಮರೀನಿನ ಅಭ್ಯಾಸ ಎಲ್ಲಿ ಹೋಗುತ್ತದೆ, ಮಗುವಿನ ತಲೆ ತಟ್ಟಿದ ಹಾಗೆ ಒಮ್ಮೆ ತಟ್ಟಿದ.

"ಕೇಳಿಸ್ಲಿಲ್ಲ," ಎಂದ ಅಪ್ಪ. "ಇನ್ನೊಂದ್ಸಲ."

ಡಂಗುರ ಅಪ್ಪನ ಮುಖ ನೋಡಿದ, ಉಸಿರೆಳೆದುಕೊಂಡ, ತೋಳೆತ್ತಿ ಹೊಡೆದ. ಬ್ರೆಡ್ಡಿನವನು ಕಿವಿ ಮುಚ್ಚಿಕೊಂಡ, ಗೋಡೆಯ ಗಡಿಯಾರ ನಿಂತುಹೋಯಿತು. ಅಪ್ಪ ತಲೆಯಾಡಿಸಿದ.

ಆಮೇಲೆ ಡಂಗುರ ಆ ಅಂಗಡಿಯಲ್ಲಿ ಬಹಳ ವರ್ಷ ಮೂಕ ಡಬ್ಬಗಳನ್ನು ಮಾಡಿದ. ಮಗುವನ್ನು ಆಗಷ್ಟೇ ಮಲಗಿಸಿದ ತಾಯಂದಿರು ದೂರದ ಬೀದಿಗಳಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಎಲ್ಲದಕ್ಕೂ ತಳದಲ್ಲಿ ಒಂದೇ ಅಳತೆಯ ಮೂರು ಚುಕ್ಕೆ. ಆ ಮೊದಲನೆಯ ಡಬ್ಬದಲ್ಲಿ ಮಾತ್ರ ಮೂರನೆಯದು ಉಳಿದೆರಡಕ್ಕಿಂತ ಆಳವಾಗಿದೆ.